ಉದುರುವ ಮುನ್ನ ದಾಸೋಹ

ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನಲ್ಲಿ ಸೆಪ್ಟೆಂಬರಿನ ಎಲೆಬಣ್ಣಗಳ ವೈಭವಕ್ಕೆ ‘ರುಸ್ಕಾ’ ಎಂದು ಹೆಸರು. ಹಳದಿಯಾದ ಬರ್ಚ್ ಮರಗಳನ್ನೂ ಕೆಂಪೇರಿದ ಕುಬ್ಜ ಬರ್ಚ್ ಪೊದೆಗಳನ್ನೂ ಕಾಣಲು ಪ್ರವಾಸಿಗರು ದೂರದಿಂದ ಬರುತ್ತಾರೆ. ಆ ಹಳದಿ ಹಸಿರಿನ ಮರೆಯಲ್ಲಿ ಮೊದಲಿನಿಂದಲೂ ಇದ್ದುದೇ. ಚಳಿಗಾಲಕ್ಕೆ ಮುನ್ನ ಹಸಿರು ಕರಗಿ, ಎಲೆಯ ಸಾರಜನಕದ ಬಹುಭಾಗ ಮರದ ಒಡಲಿಗೆ ಮರಳುತ್ತದೆ. ಬಳಿಕ ಎಲೆ ಕಳಚುತ್ತದೆ.

12ನೆಯ ಶತಮಾನದ ಬಸವಾದಿ ಶರಣರು ಕಾಯಕದ ಗಳಿಕೆಯನ್ನು ದಾಸೋಹವಾಗಿ ಸಲ್ಲಿಸಲು ಬೋಧಿಸಿದರು. ಬೇಸಿಗೆಯಿಡೀ ಬಿಸಿಲುಂಡು ಮರಕ್ಕೆ ಆಹಾರ ಸಿದ್ಧಪಡಿಸಿದ್ದು ಎಲೆಯ ಕಾಯಕ. ಕೊನೆಗೆ ತನ್ನ ಸತ್ವವನ್ನೇ ಮರಳಿಸಿದ್ದು ಅದರ ದಾಸೋಹ. ಬಣ್ಣವನ್ನಷ್ಟೇ ಕಂಡು ಇದನ್ನು ಕಾಣದೆ ಹಿಂದಿರುಗಿದರೆ ಪ್ರವಾಸ ಕಣ್ಣಿಗಷ್ಟೇ ಸಂದಿತು. ಮುಪ್ಪಿನಲ್ಲಿಯೂ ಗಳಿಕೆಯ ಗಂಟನ್ನು ಬಿಗಿಹಿಡಿದವರು ಆ ಎಲೆಯಿಂದ ಕಲಿಯಬೇಕು: ಕೊಡುವುದಿದ್ದರೆ ಉದುರುವ ಮುನ್ನವೇ ಕೊಡಬೇಕು.