ಶಕ್ತಿ ಪ್ರಯಾಣಕ್ಕೆ ಸ್ಮಾರ್ಟ್ ಕಾರ್ಡ್ ಬೇಕೆ?

ಚೌಳಹಿರಿಯೂರಿನಿಂದ ಕಡೂರಿಗೆ ಹೊರಟ ಹೆಂಗಸರ ಕೈಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಆಧಾರ್ ಇರುತ್ತದೆ. ಕಂಡಕ್ಟರ್ ಅದರ ಮೇಲೆ ಕಣ್ಣಾಡಿಸಿ, ಮಷೀನು ಒತ್ತಿ, ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಆ ಚೀಟಿಯಲ್ಲಿ ಊರಿನ ಹೆಸರಿರುತ್ತದೆ, ಪ್ರಯಾಣಿಕಳ ಹೆಸರಿರುವುದಿಲ್ಲ. ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಲೇ ಸ್ಮಾರ್ಟ್ ಕಾರ್ಡ್ ಕೊಡುವ ಮಾತನ್ನು ಸರ್ಕಾರ ಆಡಿತ್ತು. ಅದು ಬೇಕೇ ಎಂಬುದು ಪ್ರಶ್ನೆ.

ಪರ

ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಶೂನ್ಯ ಟಿಕೆಟ್‌ಗಳ ಮೌಲ್ಯವನ್ನು ಸಾರಿಗೆ ನಿಗಮಗಳಿಗೆ ತುಂಬಿಕೊಡುವುದು ಸರ್ಕಾರ. ಬಸ್ ಹತ್ತದವರ ಲೆಕ್ಕದಲ್ಲೂ ಟಿಕೆಟ್ ಹರಿದರೆ ಹೊರೆ ಬೀಳುವುದು ಜನರ ತೆರಿಗೆಯ ಮೇಲೆ. ಕಾರ್ಡ್ ಮುಟ್ಟಿಸಿದರೆ ಆ ದಾರಿ ಮುಚ್ಚುತ್ತದೆ. ರಶ್ಶಿನಲ್ಲಿ ಮಾಸಿದ ಫೋಟೊ ನೋಡುವ ಫಜೀತಿಯೂ ತಪ್ಪುತ್ತದೆ.

ಇನ್ನೊಂದು ಲಾಭವೂ ಇದೆ. ಕಡೂರಿನಲ್ಲಿ ಬಸ್ ಬದಲಿಸಿ ಚಿಕ್ಕಮಗಳೂರಿಗೆ ಹೋಗುವವಳ ಪೂರ್ತಿ ಪ್ರಯಾಣ ಬಿಡಿ ಟಿಕೆಟ್‌ಗಳಲ್ಲಿ ಕಾಣುವುದಿಲ್ಲ, ಕಾರ್ಡಿನಲ್ಲಿ ಕಾಣುತ್ತದೆ. ನೇರ ಬಸ್ ಬೇಕೆಂಬ ಬೇಡಿಕೆಗೆ ಅಂಕಿಅಂಶದ ಬಲ ಸಿಗುತ್ತದೆ.

ವಿರೋಧ

ಆದರೆ ಯಾವ ಸ್ಟೇಜಿನಲ್ಲಿ ಎಷ್ಟು ಜನ ಹತ್ತಿದರು ಎಂಬುದು ಟಿಕೆಟ್ ಮಷೀನಿಗೆ ಈಗಲೇ ಗೊತ್ತು. ಟ್ರಿಪ್ ಹೆಚ್ಚಿಸಲು ತಲೆಯೆಣಿಕೆ ಸಾಕು, ಹೆಸರು ಏಕೆ?

ಹೆಸರು ಅಳಿಸಿ ಇಡುತ್ತೇವೆ ಎಂಬ ಭರವಸೆಯೂ ಗಟ್ಟಿಯಲ್ಲ. 15 ಲಕ್ಷ ಜನರ ಮೊಬೈಲ್ ದಾಖಲೆ ಪರಿಶೀಲಿಸಿದ 2013ರ ಅಧ್ಯಯನವೊಂದರಲ್ಲಿ, ಯಾರು ಯಾವಾಗ ಎಲ್ಲಿದ್ದರು ಎಂಬ ನಾಲ್ಕೇ ಸುಳಿವುಗಳಿಂದ ಶೇ 95ರಷ್ಟು ಮಂದಿಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದಿತ್ತು. ಊರು ಚಿಕ್ಕದಾದಷ್ಟೂ ಗುರುತು ಹಿಡಿಯುವುದು ಸುಲಭ. ಗಂಡನ ಮನೆಯವರಿಗೆ ಹೇಳದೆ ವಕೀಲರನ್ನೋ ವೈದ್ಯರನ್ನೋ ಕಾಣಲು ಹೊರಟವಳಿಗೆ ಆ ದಾಖಲೆ ಯಾರ ಕೈಗೆ ಸಿಕ್ಕೀತು ಎಂಬುದೇ ಭಯ.

ಅದೇ ಬಸ್ಸಿನಲ್ಲಿ ಕಾಸು ಕೊಟ್ಟು ಕೂತ ಗಂಡಸಿನ ಓಡಾಟ ಎಲ್ಲೂ ದಾಖಲಾಗುವುದಿಲ್ಲ. ಉಚಿತ ಪ್ರಯಾಣದ ಬೆಲೆಯಾಗಿ ಹೆಣ್ಣು ಮಾತ್ರ ತನ್ನ ಜಾಡು ಒಪ್ಪಿಸಬೇಕಾಗುತ್ತದೆ. ಇದು ಅನ್ಯಾಯ. 2019ರಲ್ಲಿ ಹೆಂಗಸರ ಉಚಿತ ಬಸ್ ಪ್ರಯಾಣಕ್ಕೆ ಗುಲಾಬಿ ಟಿಕೆಟ್ ತಂದ ದೆಹಲಿ ಗುರುತಿನ ಚೀಟಿಯನ್ನೇ ಕೇಳಿರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ.

ಕಾರ್ಡ್ ಬರುವುದೇ ಆದರೆ ಅದು ಅರ್ಹತೆಯನ್ನಷ್ಟೇ ತೋರಿಸಲಿ, ಓಡಾಟವನ್ನು ದಾಖಲಿಸದಿರಲಿ. ನಿಯಮ ಬರೆಯುವ ಮೊದಲು ಅಧಿಕಾರಿಗಳು ಚೌಳಹಿರಿಯೂರಿನಂಥ ಊರುಗಳ ಮಹಿಳಾ ಗ್ರಾಮಸಭೆಗೆ ಬಂದು ಕೂರಲಿ, ದಿನಾ ಬಸ್ ಹತ್ತುವವರನ್ನು ಕೇಳಲಿ.