ಚಲಾವಣೆ ಕಾಣದ ನಾಣ್ಯದ ಬೆಲೆ

ನಾಣ್ಯ ಸಂಗ್ರಹವೆಂದರೆ ಪಟ್ಟಣದ ಅನುಕೂಲಸ್ಥರ ಹವ್ಯಾಸ, ತೋಟ ಮಾಡಿಕೊಂಡಿರುವವರಿಗೆ ಅದರಿಂದ ಆಗಬೇಕಾದುದೇನು ಎಂದು ನಮ್ಮ ಸದಸ್ಯರಲ್ಲಿ ಹಲವರು ಕೇಳಬಹುದು. ಆದರೆ ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆಂಬ ಪ್ರಚಾರ ಈಗ ಮೊಬೈಲ್ ಫೋನಿನ ಮೂಲಕ ಕಣದ ಅಂಚಿನವರೆಗೂ ಬಂದಿದೆ. ಕಾಫಿ ಮಾರಿದ ಹಣ, ಅಡಿಕೆ ಮಂಡಿಯಿಂದ ಬಂದ ಹಣ ಕೈಯಲ್ಲಿರುವ ತಿಂಗಳುಗಳಲ್ಲೇ ಇಂಥ ಆಮಿಷಗಳೂ ಹೆಚ್ಚು. ಆದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಸಂಗ್ರಾಹಕರು ಅತಿ ಹೆಚ್ಚು ಬೆಲೆ ಕೊಡುವ ನಾಣ್ಯಗಳಲ್ಲಿ ಒಂದು ವರ್ಗವಿದೆ. ಅವು ಸಂತೆಯಲ್ಲಿ ಒಂದು ಹಿಡಿ ಉಪ್ಪನ್ನೂ ಕೊಂಡವಲ್ಲ. ಸರ್ಕಾರವು ಹೊಸ ನಾಣ್ಯ ಹೊರಡಿಸುವ ಮೊದಲು ಆಕಾರ, ಲೋಹ, ಚಿತ್ರ ಹೇಗಿರಬೇಕೆಂದು ನೋಡಲು ಟಂಕಸಾಲೆಯಲ್ಲಿ ಕೆಲವೇ ತುಂಡುಗಳನ್ನು ಅಚ್ಚು ಹಾಕಿಸುತ್ತದೆ. ಇವೇ ಪ್ರಯೋಗ ನಾಣ್ಯಗಳು. ಒಪ್ಪಿಗೆಯಾದರೆ ಅದೇ ಮಾದರಿಯಲ್ಲಿ ಲಕ್ಷಗಟ್ಟಲೆ ನಾಣ್ಯ ಹೊರಬರುತ್ತವೆ. ಒಪ್ಪಿಗೆಯಾಗದಿದ್ದರೆ ಆ ಕೆಲವೇ ತುಂಡುಗಳು ಉಳಿಯುತ್ತವೆ, ಇಲ್ಲವೇ ಕರಗಿಹೋಗುತ್ತವೆ.

ಇವುಗಳಲ್ಲಿ ಬಹು ಪ್ರಸಿದ್ಧವಾದುದು ಆಸ್ಟ್ರೇಲಿಯಾದ ಕೂಕಬರ ಪೆನ್ನಿ. ಕೂಕಬರ ನಮ್ಮ ಹೊಳೆದಂಡೆಯ ಮಿಂಚುಳ್ಳಿಯ ಬಳಗಕ್ಕೆ ಸೇರಿದ, ಆದರೆ ಅದಕ್ಕಿಂತ ಬಹಳ ದೊಡ್ಡದಾದ ಹಕ್ಕಿ. ಗಟ್ಟಿಯಾಗಿ ನಕ್ಕಂತೆ ಕೂಗುವುದು ಅದರ ಹೆಗ್ಗುರುತು. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿರುವ ಸಿಲ್ವರ್ ಓಕ್ ಮರದ ತವರೂ ಆಸ್ಟ್ರೇಲಿಯಾದ ಪೂರ್ವ ಭಾಗವೇ. ಆ ನೆಲದ ಮರವನ್ನು ದಿನವೂ ನೋಡುವ ನಮಗೆ ಅಲ್ಲಿಯ ಹಕ್ಕಿಯ ಕಥೆ ತೀರ ದೂರದ್ದೇನಲ್ಲ.

ಆಸ್ಟ್ರೇಲಿಯಾ 1911ರಿಂದ ತನ್ನದೇ ಕಂಚಿನ ಪೆನ್ನಿಯನ್ನು ಹೊರಡಿಸುತ್ತಿತ್ತು. ಅದು ದೊಡ್ಡದು, ಸುಮಾರು 9.4 ಗ್ರಾಂ ತೂಕದ್ದು. ಹತ್ತಿಪ್ಪತ್ತು ಸೇರಿದರೆ ಜೇಬು ಜೋಲುತ್ತಿತ್ತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಹಣಕಾಸು ಮಂತ್ರಿಯಾಗಿದ್ದ ವಿಲಿಯಂ ವಾಟ್ ಅವರ ಕಾಲದಲ್ಲಿ ಇದರ ಬದಲಿಗೆ ಚಿಕ್ಕದಾದ, ತಾಮ್ರ ಮತ್ತು ನಿಕ್ಕಲ್ ಬೆರೆಸಿದ, ಮೂಲೆ ದುಂಡಾದ ಚೌಕಾಕಾರದ ಪೆನ್ನಿಯ ಯೋಚನೆ ಮೂಡಿತು. ತೂಕ ಹಳೆಯದರ ಅರ್ಧಕ್ಕಿಂತಲೂ ಕಡಿಮೆ. 1919, 1920 ಮತ್ತು 1921ರಲ್ಲಿ ಮೆಲ್ಬರ್ನ್ ಟಂಕಸಾಲೆಯಲ್ಲಿ ಮಾದರಿಗಳು ತಯಾರಾದವು. ಒಂದು ಮುಖದಲ್ಲಿ ಕಿರೀಟವಿಲ್ಲದ ಐದನೆಯ ಜಾರ್ಜ್ ದೊರೆ, ಇನ್ನೊಂದು ಮುಖದಲ್ಲಿ ಕೊಂಬೆಯ ಮೇಲೆ ಕುಳಿತ ಕೂಕಬರ. ಕೊಂಬೆ, ಅಕ್ಷರ, ಹಕ್ಕಿಯ ಭಂಗಿ ಬದಲಾಯಿಸಿ ಹನ್ನೆರಡಕ್ಕೂ ಹೆಚ್ಚು ಬಗೆಗಳನ್ನು ಮಾಡಿ ನೋಡಿದರು. ಇದೇ ರೀತಿಯ ಅರ್ಧ ಪೆನ್ನಿಗಳೂ ಇವೆ. ಅವಂತೂ ಇನ್ನೂ ವಿರಳ.

ಚೌಕ ನಾಣ್ಯ ಆಗ ಹೊಸ ಸಂಗತಿಯೇನೂ ಆಗಿರಲಿಲ್ಲ. ನಮ್ಮ ದೇಶದಲ್ಲೇ 1918ರಲ್ಲಿ ಚೌಕಾಕಾರದ ಎರಡಾಣೆ ನಾಣ್ಯ ಚಲಾವಣೆಗೆ ಬಂದಿತ್ತು. ಆದರೂ ಆಸ್ಟ್ರೇಲಿಯಾದಲ್ಲಿ ಇದು ಹಿಡಿಸಲಿಲ್ಲ. ಕಾಸು ಹಾಕಿದರೆ ಸಾಮಾನು ಕೊಡುವ ಯಂತ್ರಗಳು ಚೌಕ ನಾಣ್ಯವನ್ನು ನುಂಗುವುದಿಲ್ಲವೆಂಬ ತಕರಾರು ಬಂತು. ಜನರ ಉತ್ಸಾಹವೂ ಅಷ್ಟಕ್ಕಷ್ಟೆ. 1920ರಲ್ಲಿ ವಾಟ್ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟ ಮೇಲೆ ಒತ್ತಾಸೆಯಾಗಿ ನಿಲ್ಲುವವರೂ ಕಡಿಮೆಯಾದರು. ಯೋಜನೆ ಅಲ್ಲಿಗೇ ನಿಂತಿತು. ಪರಿಶೀಲನೆಗೆಂದು ಅಧಿಕಾರಿಗಳು ಮತ್ತು ರಾಜಕಾರಣಿಗಳ ಕೈಗೆ ಹೋದ ಮಾದರಿಗಳಲ್ಲಿ ಕೆಲವು ಟಂಕಸಾಲೆಗೆ ಹಿಂದಿರುಗಲೇ ಇಲ್ಲ. ಇಂದು ಸಂಗ್ರಾಹಕರು ಪೈಪೋಟಿಯಿಂದ ಕೊಳ್ಳುವ ನಾಣ್ಯಗಳಲ್ಲಿ ಇಂಥವೂ ಸೇರಿವೆ.

ಹೀಗೆ ಸೋತ ಪ್ರಯೋಗವನ್ನು ಜೋಪಾನ ಮಾಡುವುದರಿಂದ ಏನು ಫಲ? ಫಲವುಂಟೆಂಬುದು ನಮ್ಮ ಅಭಿಪ್ರಾಯ. ಪ್ರಯೋಗವನ್ನು ಸರಿಯಾಗಿ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಉದಾಹರಣೆಯೇ ಇದೆ. 1911ರ ಬೆಳ್ಳಿ ರೂಪಾಯಿಯ ಮೇಲೆ ದೊರೆಯ ನಿಲುವಂಗಿಯಲ್ಲಿ ಒಂದು ಪುಟ್ಟ ಆನೆಯನ್ನು ಕೆತ್ತಿದ್ದರು. ಸೊಂಡಿಲು ಮೋಟಾಗಿದ್ದುದರಿಂದ ಅದು ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ಆಕ್ಷೇಪಣೆ ಎದ್ದಿತು, ವಿತರಣೆ ನಿಲ್ಲಿಸಿ, ಉಳಿದುದನ್ನು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿ ಮತ್ತೆ ಅಚ್ಚು ಹಾಕಬೇಕಾಯಿತು. ಆನೆಯ ನಾಡಿನ ನಾಣ್ಯದಲ್ಲಿ ಆನೆಗೇ ಇಂಥ ಗತಿ! ನಾಲ್ಕು ಮಾದರಿಗಳನ್ನು ಊರವರಿಗೆ ತೋರಿಸಿದ್ದರೆ ಈ ಖರ್ಚು ತಪ್ಪುತ್ತಿತ್ತು.

ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ತಳಿಯನ್ನು ನಾವೆಲ್ಲರೂ ಬಲ್ಲೆವು. ಅಂಥ ಒಂದು ತಳಿ ಕೈಗೆ ಬರುವ ಮೊದಲು ಎಷ್ಟೋ ಗಿಡಗಳನ್ನು ಬೆಳೆಸಿ, ನೋಡಿ, ಕೈಬಿಡಬೇಕಾಗುತ್ತದೆ. ಕೈಬಿಟ್ಟ ಗಿಡದ ದಾಖಲೆ ಇಲ್ಲದಿದ್ದರೆ ಮುಂದಿನವನು ಅದೇ ಗಿಡವನ್ನು ಮತ್ತೆ ನೆಟ್ಟು ಹತ್ತು ವರ್ಷ ಕಳೆಯುತ್ತಾನೆ. ಕೂಕಬರ ಪೆನ್ನಿಯೂ ಅಂಥ ಒಂದು ದಾಖಲೆಯೇ. ಅದರ ಹಿಂದಿದ್ದ ಆಸೆ, ತನ್ನ ಕಾಡಿನ ಜೀವಿಗೆ ತನ್ನ ನಾಣ್ಯದಲ್ಲಿ ಜಾಗವಿರಬೇಕೆಂಬುದು, ಸಾಯಲಿಲ್ಲ. 1938ರ ಪೆನ್ನಿಯ ಮೇಲೆ ಕಾಂಗರೂ ಬಂತು. 1966ರ ಫೆಬ್ರವರಿ 14ರಂದು ದಶಮಾನ ನಾಣ್ಯಗಳು ಬಂದಾಗ ಸ್ಟುವರ್ಟ್ ಡೆವ್ಲಿನ್ ಅವರ ಕೈಯಲ್ಲಿ ಎಕಿಡ್ನ, ಲೈರ್ ಹಕ್ಕಿ, ಪ್ಲಾಟಿಪಸ್ ಮೊದಲಾದವು ಐದು, ಹತ್ತು, ಇಪ್ಪತ್ತು ಸೆಂಟಿನ ಮೇಲೆ ಮೂಡಿದವು. ಈ ಮೂರೂ ಇಂದಿಗೂ ಅಲ್ಲಿ ನಡೆಯುತ್ತಿವೆ.

ಮಾದರಿಗಳನ್ನು ಹಿಂದಿರುಗಿಸದೆ ಇಟ್ಟುಕೊಂಡವರು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಬರುತ್ತದೆ. ಸಾರ್ವಜನಿಕ ಸ್ವತ್ತನ್ನು ಜೇಬಿಗಿಳಿಸುವುದು ತಪ್ಪು. ಒಂದು ಶತಮಾನದ ನಂತರ ಬೆಲೆ ಬಂದಿತೆಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಆದರೆ ಎಲ್ಲವೂ ಹಿಂದಿರುಗಿದ್ದರೆ ಎಲ್ಲವೂ ಉಳಿಯುತ್ತಿದ್ದವೆಂದು ಹೇಳಲು ಬರುವುದಿಲ್ಲ. ಆದ್ದರಿಂದ ಪ್ರತಿ ಬಗೆಯ ಒಂದೊಂದು ಪೂರ್ಣ ಮಾದರಿಯನ್ನು, ಅದನ್ನು ಕೈಬಿಟ್ಟ ಕಾರಣದ ಕಾಗದಪತ್ರ ಸಹಿತ, ಸರ್ಕಾರವೇ ವಸ್ತುಸಂಗ್ರಹಾಲಯದಲ್ಲಿ ಇಡತಕ್ಕದ್ದು. ಖಾಸಗಿ ಸಂಗ್ರಾಹಕನೂ ತನ್ನ ನಾಣ್ಯ ಯಾರ ಕೈಯಿಂದ ಬಂದಿತೆಂದು ಬರೆದಿಡಬೇಕು. ಬರೆದಿಡುವವನು ಸಮಾಜಕ್ಕೆ ಉಪಕಾರ ಮಾಡುತ್ತಾನೆ. ಬೀಗ ಹಾಕಿ ಬೆಲೆಯೇರಿಕೆಯನ್ನಷ್ಟೇ ಕಾಯುವವನನ್ನು ಸಂಗ್ರಾಹಕನೆನ್ನಲು ನಮಗೆ ಮನಸ್ಸು ಬಾರದು.

ಇನ್ನು ನಮ್ಮ ಸದಸ್ಯರ ಹಿತದ ಮಾತು. ಕೂಕಬರ ಪೆನ್ನಿಯ ನಕಲುಗಳು ಹೇರಳವಾಗಿವೆ. ಅಗ್ಗವಾಗಿ ಸಿಕ್ಕಿತೆಂದು ಯಾರೂ ಫಸಲಿನ ಹಣವನ್ನು ಅದರಲ್ಲಿ ಹಾಕಬಾರದು. ಮನೆಯ ಹಳೆಯ ನಾಣ್ಯವನ್ನು ಲಕ್ಷಾಂತರಕ್ಕೆ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿರಿ ಎಂದು ಹೇಳುವವರನ್ನು ನಂಬಲೇಬಾರದು. ತನ್ನ ಹೆಸರು ಹೇಳಿಕೊಂಡು ಇಂಥ ವ್ಯವಹಾರ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ತೋಟದಲ್ಲಿ ಗುಂಡಿ ತೆಗೆಯುವಾಗ ಹಳೆಯ ನಾಣ್ಯಗಳು ಸಿಕ್ಕಿದರೆ ಮುಚ್ಚಿಡದೆ ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ತುಂಬಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ಹೊರದೇಶಕ್ಕೆ ಮಾರಿ ಕಳುಹಿಸುವಂತಿಲ್ಲ. ಅಂದರೆ 1918ರ ಎರಡಾಣೆಯೂ ಈಗ ಆ ಲೆಕ್ಕಕ್ಕೆ ಸೇರುತ್ತದೆ.

ನಾಣ್ಯದ ಆಸಕ್ತಿಯಿರುವ ಮಕ್ಕಳು ಲಕ್ಷ ಸುರಿಯಬೇಕಾಗಿಲ್ಲ. 1947ರ ನಿಕ್ಕಲ್ ರೂಪಾಯಿಯಲ್ಲಿ ಹುಲಿಯಿದೆ. 1988ರಿಂದ ಬಂದ ಉಕ್ಕಿನ 25 ಪೈಸೆಯಲ್ಲಿ ಘೇಂಡಾಮೃಗವಿದೆ. 2011ರ ಜೂನ್ 30ಕ್ಕೆ ಚಲಾವಣೆ ನಿಂತ ಆ ನಾಣ್ಯ ಎಷ್ಟೋ ಮನೆಗಳ ಡಬ್ಬಿಯಲ್ಲಿ ಈಗಲೂ ಬಿದ್ದಿದೆ. ಇವನ್ನು ಹುಣಸೆಹಣ್ಣು ಹಾಕಿ ಉಜ್ಜಬಾರದು. ಹೊಳಪು ಬಂದರೂ ನಾಣ್ಯದ ಮೇಲ್ಮೈ ಸವೆದು ಬೆಲೆ ಹೋಗುತ್ತದೆ. ಲಕ್ಷ್ಮೀಪೂಜೆಗೆ ಇಟ್ಟ ಮೇಲೆ ಕುಂಕುಮ, ಅರಿಶಿನವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮಲೆನಾಡಿನ ಮಳೆಗಾಲದ ತೇವ ಲೋಹಕ್ಕೆ ಶತ್ರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಒಣ ಕಾಗದದ ಲಕೋಟೆಯಲ್ಲಿಟ್ಟು, ಎಲ್ಲಿ, ಯಾವಾಗ ಸಿಕ್ಕಿತೆಂದು ಅದರ ಮೇಲೆ ಬರೆಯಿರಿ.

ನಮ್ಮ ವಾರ್ಷಿಕ ಮಹಾಸಭೆಯ ದಿನ ಒಂದು ಮೇಜನ್ನು ಇದಕ್ಕೆಂದೇ ಬಿಟ್ಟುಕೊಟ್ಟು, ಸದಸ್ಯರ ಮನೆಯ ಹಳೆಯ ನಾಣ್ಯಗಳನ್ನು ಮಕ್ಕಳು ನೋಡುವಂತೆ ಮಾಡಬೇಕೆಂದು ಆಡಳಿತ ಮಂಡಳಿಗೆ ನಮ್ಮ ಸೂಚನೆ. ಮಾರುವುದು, ಕೊಳ್ಳುವುದು ಅಲ್ಲಿ ಬೇಡ. ಅಜ್ಜನ ಪೆಟ್ಟಿಗೆಯಲ್ಲಿರುವುದು ಏನೆಂದು ಮೊಮ್ಮಗನಿಗೆ ತಿಳಿದಿದ್ದರೆ, ಬಾಗಿಲಿಗೆ ಬಂದ ದಳ್ಳಾಳಿ ಅದನ್ನು ತೂಕದ ಲೆಕ್ಕದಲ್ಲಿ ಒಯ್ಯಲಾರ.