ಬರೀ ತಲೆನೋವಲ್ಲ

"ತಲೆ ಸಿಡೀತಿದೆ ಅಕ್ಕಾ" ಎಂದು ನಮ್ಮ ಓಣಿಯ ಆ ಹುಡುಗಿ ಹೇಳತೊಡಗಿ ಮೂರು ವಾರವಾಗಿತ್ತು. ಗಂಡ ಸಾಯುವ ಮುನ್ನ ಅವಳಿಗೆ ಬಿಟ್ಟುಹೋದದ್ದು ಒಬ್ಬ ಮಗ ಮತ್ತು ಎಚ್‌ಐವಿ. ಬ್ಲೌಸ್ ಹೊಲಿದು ಬದುಕುತ್ತಿದ್ದಳು. ಮಾತ್ರೆಗಳನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದವಳು, ಯಾರಾದರೂ ನೋಡಿಯಾರೆಂಬ ಭಯಕ್ಕೆ ಬಿಟ್ಟೇಬಿಟ್ಟಿದ್ದಳು. ಅತ್ತೆ ದೃಷ್ಟಿ ತೆಗೆದರು. ನಾನು ಅಮೃತಾಂಜನ ಹಚ್ಚಿದೆ. ಆಸ್ಪತ್ರೆಯವರು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಕಣ್ಣು ಮಂಜಾಗಿ ಮಾತು ತೊದಲಿದ ಮೇಲೆ ದೊಡ್ಡಾಸ್ಪತ್ರೆಗೆ ಒಯ್ದರು. ಬೆನ್ನಿನ ನೀರು ತೆಗೆದು ನೋಡಿದಾಗ ಮೆದುಳಿನ ಪೊರೆಗೆ ಶಿಲೀಂಧ್ರ ಹತ್ತಿತ್ತು. ಐದನೆಯ ದಿನ ಹೋಗಿಬಿಟ್ಟಳು.

ಆ ಕಾಯಿಲೆಯ ಹೆಸರು ಕ್ರಿಪ್ಟೋಕಾಕಲ್ ಮೆನಿಂಜೈಟಿಸ್. ಪಾರಿವಾಳದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ ಇರುವ ಶಿಲೀಂಧ್ರ ಅದು. ಉಸಿರಿನ ಜೊತೆ ಯಾರೊಳಗೂ ಹೋಗಬಹುದು. ಮೈಯ ಕಾವಲು ಗಟ್ಟಿಯಿದ್ದವರಿಗೆ ಸಾಮಾನ್ಯವಾಗಿ ಏನೂ ಆಗದು. ಎಚ್‌ಐವಿಯಿಂದ ಸಿಡಿ-4 ಎಣಿಕೆ 100ಕ್ಕಿಂತ ಕೆಳಗಿಳಿದವರಿಗೆ ಅಪಾಯ ಹೆಚ್ಚು.

ನನಗೆ ಸಿಟ್ಟು ಬರುವುದು ಇಲ್ಲಿ. ತಲೆನೋವು ಶುರುವಾಗುವುದಕ್ಕೆ ವಾರಗಳ ಮೊದಲೇ ಈ ಶಿಲೀಂಧ್ರದ ಗುರುತು ರಕ್ತದಲ್ಲಿ ಸಿಗುತ್ತದೆ. ಅದನ್ನು ಹಿಡಿಯಲು ಒಂದು ಪಟ್ಟಿ ಸಾಕು, ನಾವು ಬಸಿರು ನಿಂತಿದೆಯೇ ಎಂದು ನೋಡಿಕೊಳ್ಳುವಂಥದೇ. ಬೆರಳ ತುದಿಯ ತೊಟ್ಟು ರಕ್ತ, ಹತ್ತು ನಿಮಿಷ, ಎರಡು ಗೆರೆ. ದೊಡ್ಡ ಯಂತ್ರ ಬೇಡ, ಕರೆಂಟೂ ಬೇಡ. ಅಮೆರಿಕದಲ್ಲಿ 2011ರಲ್ಲೇ ಇದಕ್ಕೆ ಅನುಮತಿ ಸಿಕ್ಕಿತು. ಸಿಡಿ-4 100ಕ್ಕಿಂತ ಕಡಿಮೆಯಿರುವವರಿಗೆಲ್ಲ, ಎಚ್‌ಐವಿ ಮಾತ್ರೆ ಶುರುಮಾಡುವ ಮೊದಲು, ಬಿಟ್ಟವರಿಗೆ ಮತ್ತೆ ಕೊಡುವ ಮೊದಲೂ, ಈ ಪರೀಕ್ಷೆ ಮಾಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ರಕ್ತದಲ್ಲಿದ್ದು ಮೆದುಳಿಗೆ ಏರಿಲ್ಲವಾದರೆ ಔಷಧಿ ಫ್ಲೂಕೊನಜೋಲ್. ಬಿಳಿಸೆರಗಿನ ತುರಿಕೆಗೆ ನಮ್ಮಲ್ಲಿ ಎಷ್ಟೋ ಹೆಂಗಸರು ನುಂಗಿರುವ ಅದೇ ಮಾತ್ರೆ!

"ಅಪರೂಪದ ಕಾಯಿಲೆ, ದೊಡ್ಡಾಸ್ಪತ್ರೆಗೆ ಕಳಿಸಿದರಾಯಿತು" ಎನ್ನುವವರಿದ್ದಾರೆ. ಕಳಿಸುವುದು ಸುಲಭ ಸ್ವಾಮಿ, ಹೋಗುವುದು ಯಾರು? ಬಸ್ಸಿನ ದುಡ್ಡು, ಒಂದು ದಿನದ ದುಡಿಮೆ, ಮಗುವನ್ನು ನೋಡಿಕೊಳ್ಳುವವರು, ಮನೆಯವರ ಒಪ್ಪಿಗೆ, ಇಷ್ಟೂ ಕೂಡಿಬರುವಷ್ಟರಲ್ಲಿ ಕಾಯಿಲೆ ಮೆದುಳಿಗೇರಿರುತ್ತದೆ. 2004ರಿಂದ ಎಚ್‌ಐವಿ ಮಾತ್ರೆಯನ್ನು ಪುಕ್ಕಟೆ ಕೊಡುತ್ತಿರುವ ಸರ್ಕಾರಕ್ಕೆ, ಈ ಪಟ್ಟಿಯನ್ನು ರೋಗಿಯ ಮಂಚದ ಬಳಿಗೆ ತಲುಪಿಸುವುದು ಆಗದ ಕೆಲಸವೇ? ತಾಲ್ಲೂಕು ಆಸ್ಪತ್ರೆಯ ನರ್ಸಮ್ಮನೇ ಮಾಡಬಹುದಾದ ಪರೀಕ್ಷೆ ಇದು.

ಸರ್ಕಾರವನ್ನಷ್ಟೇ ಬೈದರೆ ಸಾಲದು. ಹೆಂಗಸಿನ ತಲೆನೋವೆಂದರೆ ನಮಗೇ ತಾತ್ಸಾರ. ಆ ಮಾತ್ರೆಗಳನ್ನು ಅಕ್ಕಿ ಡಬ್ಬಿಗೆ ಅಟ್ಟಿದ್ದು ನಮ್ಮದೇ ಓಣಿಯ ಪಿಸುಮಾತು. ಅವಳ ಗುಟ್ಟು ನನಗೆ ಗೊತ್ತಿತ್ತು. ಆದರೂ ನಾನು ಡಾಕ್ಟರ ಮುಂದೆ ನಿಂತು ಕೇಳಲಿಲ್ಲ, ಅಮೃತಾಂಜನ ಹಚ್ಚಿದೆ.

ನೀವಾದರೂ ಕೇಳಿ.